ಯಾರೂ ಓದದ ಸಾಲು

"ಕೊನೇಲಿ ಒಂದು ಸಾಲು ಖಾಲಿ ಬರ್ತಿದೆಯಲ್ಲ, ಇಲ್ಲಿ ಏನಿರಬೇಕಿತ್ತು?" ಎಂದು ಮೇಡಂ ಪರದೆಯ ಮೇಲೆ ಪೆನ್ನಿನ ತುದಿಯಿಟ್ಟು ಕೇಳಿದರು.

ಅಂಗಡಿಯ ಮೂಲೆಯಲ್ಲಿ ರಿಪೇರಿಗೆ ಕೂತಿದ್ದ ಇಕ್ಕಳ ತಲೆ ಎತ್ತಲಿಲ್ಲ. ಬೆಸುಗೆ ಹಾಕುವ ಸೋಲ್ಡರ್ ಕಡ್ಡಿಯ ಕಾದ ತುದಿಯನ್ನು ಒದ್ದೆ ಸ್ಪಂಜಿಗೆ ಒತ್ತಿದ. ಅದು ಚುಂಯ್ ಎಂದಿತು. "ಏನೂ ಇರಬೇಕಿಲ್ಲ. ಅದು ಉಳಿದ ಜಾಗ."

"ಉಳಿದ ಜಾಗ ಅಂದ್ರೆ?"

"ಬಟ್ಟೆ ಹೊಲಿದ ಮೇಲೆ ತುಂಡು ಉಳಿಯಲ್ವಾ, ಹಾಗೆ. ಅದನ್ನ ತೋರಿಸೋ ಅಗತ್ಯ ಇಲ್ಲ. ತೆಗೆದುಬಿಡಿ."

"ಯಾಕೆ ತೆಗೀಬೇಕು?" ಬಾಗಿಲಲ್ಲಿ ನಿಂತಿದ್ದ ಭಾವ ಫೋನನ್ನು ಕಿವಿಯಿಂದ ಇಳಿಸಿದ. "ಮೇಡಂ, ಇರೋದನ್ನೆಲ್ಲ ತೋರಿಸಿ. ಮಿಲ್ಲಿನವರು ಕೇಳಿರೋದೇ ಅದು. ನಮ್ಮ ಬಾಮೈದನಿಗೆ ತೋರಿಸೋದು ಅಂದ್ರೇ ಆಗಲ್ಲ. ಇಷ್ಟು ವರ್ಷ ಜೊತೇಲಿದ್ದಾನೆ, ಅವನ ಹಲ್ಲು ಯಾವ ಬಣ್ಣ ಅಂತ ನನಗಿನ್ನೂ ಗೊತ್ತಿಲ್ಲ."

ಮೇಡಂ ನಕ್ಕರು. ಇಕ್ಕಳ ನಗಲಿಲ್ಲ. ಆ ಹೆಸರು ಇಟ್ಟವನೂ ಭಾವನೇ. ಹಿಡಿದರೆ ಬಿಡುವವನಲ್ಲ ಎಂದು ಬಂದವರಿಗೆಲ್ಲ ಹೇಳಿ ಹೇಳಿ, ಈಗ ಅಂಗಡಿಗೆ ಬರುವ ಕೊರಿಯರಿನವನೂ "ಇಕ್ಕಳ ಇದ್ದಾರಾ?" ಎಂದೇ ಕೇಳುತ್ತಿದ್ದ.

ಅಂಗಡಿಯಲ್ಲಿ ರಿಪೇರಿಯಾಗುತ್ತಿದ್ದ ಕಂಪ್ಯೂಟರುಗಳನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಕಲೆಗಟ್ಟಿದ ಹಲ್ಲಿನ ಬಣ್ಣದ ಅಗಲ ಪೆಟ್ಟಿಗೆಗಳು. ಮುಚ್ಚಳ ಎತ್ತಿದರೆ ಒಳಗೆ ಕಾರ್ಡು ಸಿಕ್ಕಿಸುವ ಸ್ಲಾಟುಗಳ ಸಾಲು. ಮಾಡಿದ ಕಂಪನಿ ಯಾವತ್ತೋ ಬಾಗಿಲು ಹಾಕಿತ್ತು. ಆದರೆ ಊರಾಚೆಯ ಲೇಬಲ್ ಮಿಲ್ಲಿನಲ್ಲಿ ಪ್ರತಿ ಮಗ್ಗದ ತಲೆಯ ಬಳಿ ಇಂಥದೊಂದು ಪೆಟ್ಟಿಗೆ ಇನ್ನೂ ಕೆಲಸ ಮಾಡುತ್ತಿತ್ತು. ಅಂಗಿಯ ಕಾಲರಿನೊಳಗೆ ಹೊಲಿಯುವ ಪಟ್ಟಿ ಇದೆಯಲ್ಲ, ಕಂಪನಿಯ ಹೆಸರು, ಅಳತೆ, ತಣ್ಣೀರಿನಲ್ಲಿ ಒಗೆಯಿರಿ ಎಂಬ ಸೂಚನೆ, ಅದನ್ನು ನೇಯುವ ಮಗ್ಗಗಳು ಅವು. ಪೆಟ್ಟಿಗೆಯೊಳಗಿನ ಕಾರ್ಡು ಹೇಳಿದಂತೆ ಮಗ್ಗ ದಾರ ಎತ್ತುತ್ತದೆ, ಇಳಿಸುತ್ತದೆ. ಕಾರ್ಡು ಸತ್ತರೆ ಮಗ್ಗ ಕಬ್ಬಿಣದ ಮಂಚ. ಹೊಸ ಮಗ್ಗ ತರಿಸುವುದಕ್ಕಿಂತ ಹೊಸ ಕಾರ್ಡು ಮಾಡಿಸುವುದು ಮಿಲ್ಲಿನವರಿಗೆ ಸುಲಭವಾಗಿತ್ತು. ಮಿಲ್ಲಿನವರನ್ನು ಹಿಡಿದು ತಂದವನು ಭಾವ. ಕಾರ್ಡು ಮಾಡಿದವನು ಇಕ್ಕಳ. ಕಾರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ ಅಚ್ಚಾದದ್ದು ಭಾವನ ಹೆಸರು.

ಮೊದಲ ಕಾರ್ಡು ತಯಾರಾದಾಗಲೇ ಆ ವಿಷಯಕ್ಕೆ ಜಗಳವಾಗಿತ್ತು. "ಹೋಟೆಲಿನ ಬೋರ್ಡಲ್ಲಿ ಅಡುಗೆಯವನ ಹೆಸರು ಹಾಕ್ತಾರೇನೋ?" ಎಂದು ಭಾವ ಕೇಳಿದ್ದ. ಅಂಗಡಿ ಅವನದು, ಅಂಗಡಿಯ ಮೇಲಿನ ಮನೆ ಅವನದು, ಆ ಮನೆಯಲ್ಲಿ ಎರಡು ಹೊತ್ತು ಬಡಿಸುವವಳು ಅವನ ಹೆಂಡತಿ. ಅವಳು ಇಕ್ಕಳನ ಅಕ್ಕ ಎಂಬುದು ಆಮೇಲಿನ ಮಾತು. ಇಕ್ಕಳ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಂಚ ಹಾಕಿಕೊಂಡಿದ್ದ. ಅವನು ಅವತ್ತು ತಿರುಗಿ ಮಾತಾಡಲಿಲ್ಲ. ಕಾರ್ಡಿನೊಳಗೆ ಬರೆದ.

ಬರೆಯಲು ಜಾಗವಿತ್ತು. ಈ ಕಂಪ್ಯೂಟರಿನ ಪದ್ಧತಿಯೇ ಹಾಗೆ. ಸ್ವಿಚ್ ಹಾಕಿದ ಕೂಡಲೇ ಒಂದೊಂದು ಸ್ಲಾಟಿನ ಬಾಗಿಲು ತಟ್ಟಿ ಒಳಗೆ ಯಾರು ಎಂದು ಕೇಳುತ್ತದೆ. ಕಾರ್ಡಿನ ಮೂಲೆಯಲ್ಲಿರುವ ಚಿಪ್ಪು ಉತ್ತರ ಕೊಡುತ್ತದೆ: ನಾನು ಮಗ್ಗ ನಡೆಸುವ ಕಾರ್ಡು, ನನ್ನ ಸಂಖ್ಯೆ ಇಷ್ಟು, ನನ್ನನ್ನು ಮಾಡಿದವರು ಇಂಥವರು. ಅದಾದ ಮೇಲೆ ಒಂದು ಉದ್ದ ವಾಕ್ಯ ಹಿಡಿಯುವಷ್ಟು ಜಾಗ ಉಳಿಯುತ್ತದೆ. ಕಂಪ್ಯೂಟರಿಗೆ ಬೇಕಾದದ್ದು ಮೊದಲನೆಯ ಉತ್ತರ ಮಾತ್ರ. ಮಗ್ಗದ ಕಾರ್ಡು ಎಂದು ಗೊತ್ತಾದರೆ ಸಾಕು, ಮಿಕ್ಕದ್ದನ್ನು ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ. ಬೇರೆ ಯಾವ ಪ್ರೋಗ್ರಾಂ ಕೇಳಿದರೂ ಹೇಳುವುದಿಲ್ಲ. ಇಕ್ಕಳ ಮೊದಲ ಕಾರ್ಡಿನಲ್ಲಿ ಮಾಡಿದವರು ಎಂಬಲ್ಲಿ ಭಾವನ ಹೆಸರು ಹಾಕಿ, ಉಳಿದ ಜಾಗದಲ್ಲಿ 'ಇದನ್ನು ಮಾಡಿದವನು ಇವನಲ್ಲ' ಎಂದು ಬರೆದ. ಚಿಪ್ಪಿಗೆ ಇಂಗ್ಲಿಷ್ ಅಕ್ಷರಗಳಷ್ಟೇ ಹಿಡಿಸುತ್ತಿದ್ದವು; ಮಾತು ಮನೆಯದು. ಅಲ್ಲಿಗೆ ಕೈ ನಿಲ್ಲಿಸಿದ್ದರೆ ಅದೊಂದು ನ್ಯಾಯದ ಮಾತಾಗಿ ಉಳಿಯುತ್ತಿತ್ತು.

ನಿಲ್ಲಿಸಲಿಲ್ಲ. ಮುಂದಿನ ಕಾರ್ಡಿಗೆ 'ಸೋಲ್ಡರ್ ಕಡ್ಡಿಯ ಯಾವ ತುದಿ ಸುಡುತ್ತದೆ ಎಂದು ಗೊತ್ತಿಲ್ಲದ ಮಾಲೀಕ' ಎಂದಾಯಿತು. ಅದರ ಮುಂದಿನದಕ್ಕೆ 'ಬಾಯಿ ತೆರೆದರೆ ಸುಳ್ಳು, ಮುಚ್ಚಿದರೆ ಗೊರಕೆ'. ಗಿರಾಕಿಯೆದುರು ಭಾವ ತನ್ನನ್ನು ಏನಾದರೂ ಅಂದ ದಿನ ಇಕ್ಕಳ ಹೊಸ ಕಾರ್ಡಿನ ಕೆಲಸವನ್ನು ಬೇಗ ಮುಗಿಸುತ್ತಿದ್ದ. ಮಧ್ಯಾಹ್ನ ಬಿದ್ದ ಮಾತಿಗೆ ಸಂಜೆಯೊಳಗೆ ಉತ್ತರ ಸಿದ್ಧವಾಗುತ್ತಿತ್ತು, ಮರುದಿನ ಭಾವನೇ ಅದನ್ನು ಪೆಟ್ಟಿಗೆಗೆ ಹಾಕಿ ತನ್ನ ಕಾರಿನಲ್ಲಿ ಮಿಲ್ಲಿಗೆ ಮುಟ್ಟಿಸಿ ಬರುತ್ತಿದ್ದ. ಆ ಸುಖಕ್ಕೆ ಇಕ್ಕಳ ಒಗ್ಗಿಹೋಗಿದ್ದ. ಊಟಕ್ಕೆ ಕೂತಾಗ ಭಾವ ಎಷ್ಟು ಕೊಂಕು ಮಾತಾಡಿದರೂ ತಲೆ ಬಗ್ಗಿಸಿ ತಿನ್ನುವುದು ಅವನಿಗೆ ಕಷ್ಟವಾಗುತ್ತಿರಲಿಲ್ಲ.

ಇವುಗಳೆಲ್ಲ ಬಯಲಾಗುವುದರ ಬಗ್ಗೆ ಅವನಿಗೆ ಅಂಥ ಹೆದರಿಕೆಯೇನೂ ಇರಲಿಲ್ಲ. ಹೆದರಿಕೆ ಇದ್ದದ್ದು ಒಂದೇ ಒಂದು ಕಾರ್ಡಿನದು.

ಭಾವ ಕಾಲು ಮುರಿದುಕೊಂಡು ಮಲಗಿದ್ದ ಕಾಲದಲ್ಲಿ ಮಾಡಿದ್ದು ಅದು. ರಾತ್ರಿಯೆಲ್ಲ ನೀರು ಕೊಡು, ದಿಂಬು ಸರಿಸು, ಕಿಟಕಿ ತೆಗಿ, ಕಿಟಕಿ ಹಾಕು ಎಂದು ಅವನು ಅಕ್ಕನನ್ನು ಕೂರಲು ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಳು ಒಲೆಯ ಮುಂದೆ ಗೋಡೆಗೊರಗಿ ನಿಂತು, ಕಣ್ಣು ಮುಚ್ಚಿಕೊಂಡೇ, "ಇವರು ಸತ್ತ ದಿನ ನಾನು ಕಣ್ತುಂಬ ನಿದ್ದೆ ಮಾಡ್ತೀನಿ ಕಣೋ" ಎಂದಿದ್ದಳು. ಇಕ್ಕಳ ನಕ್ಕಿದ್ದ. ಕೆಳಗಿಳಿದು ಬಂದು ಆ ಮಾತನ್ನು ಹಾಗೇ ಚಿಪ್ಪಿನೊಳಗೆ ಬರೆದ. ಕೊನೆಗೆ 'ಅಂದಳು ಅಕ್ಕ' ಎಂದೂ ಸೇರಿಸಿದ. ತಾನು ಎಷ್ಟು ಬೈದರೂ ಬಾರದ ತೂಕ ಅವಳ ಬಾಯಿಯಿಂದ ಬಂದರೆ ಬರುತ್ತದೆ ಎಂದು ಅನ್ನಿಸಿತ್ತು. ಆ ದಿನ ಅವನ ಗಮನ ಕೆಲಸದ ಮೇಲಿರಲಿಲ್ಲ. ಕಾರ್ಡಿನಲ್ಲಿ ಕರೆಂಟು ಹರಿಯುವ ಒಂದು ಗೆರೆ ತುಂಡಾಗಿ, ಅದರ ಮೇಲೆ ನೀಲಿ ತಂತಿ ಬೆಸೆದು ಕೊಡಬೇಕಾಯಿತು.

ಮಿಲ್ಲಿನಲ್ಲಿ ಕಾರ್ಡುಗಳು ಒಂದು ಕಡೆ ನಿಲ್ಲುವುದಿಲ್ಲ. ಒಂದು ಮಗ್ಗ ಕೆಟ್ಟರೆ ಪಕ್ಕದ್ದರ ಕಾರ್ಡು ಕಿತ್ತು ಇದಕ್ಕೆ ಹಾಕುತ್ತಾರೆ. ಹೀಗೆ ಹಾಕಿ ತೆಗೆದು ಯಾವುದು ಎಲ್ಲಿದೆ ಎಂದು ಯಾರಿಗೂ ತಿಳಿಯದಂತಾಗಿ, ಒಂದು ಇಡೀ ಸರಕು ತಪ್ಪು ಅಳತೆಯ ಲೇಬಲ್ಲಾಗಿ ನೇಯ್ದುಹೋಯಿತು. ಹೊಸ ಮ್ಯಾನೇಜರು ಪ್ರತಿ ಯಂತ್ರವೂ ತನ್ನೊಳಗಿನ ಕಾರ್ಡು ಯಾವುದೆಂದು ಪರದೆಯ ಮೇಲೆ ಹೇಳಬೇಕು ಎಂದು ಹಟ ಹಿಡಿದರು. ಭಾವ ಒಪ್ಪಿಕೊಂಡು ಬಂದು, ಹಳೇ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯಬಲ್ಲ ಈ ಮೇಡಂ ಅವರನ್ನು ಎಲ್ಲಿಂದಲೋ ಹುಡುಕಿದ. ಕಂಪ್ಯೂಟರು ಕೇಳಿ ಮರೆಯುತ್ತಿದ್ದ ಉತ್ತರಗಳನ್ನೆಲ್ಲ ಹಿಡಿದಿಟ್ಟುಕೊಂಡು, ಕೇಳಿದ ಪ್ರೋಗ್ರಾಂಗೆ ಒಪ್ಪಿಸುವ ಒಂದು ತುಣುಕನ್ನು ಅವರು ಬರೆದರು. ಅಚ್ಚುಕಟ್ಟಾದ ಕೆಲಸ. ಒಂದು ಫ್ಲಾಪಿಯಲ್ಲಿ ಅರ್ಧ ಜಾಗವೂ ಹಿಡಿಯಲಿಲ್ಲ.

ಭಾವ ಮೇಲೆ ಹೋದದ್ದೇ ಇಕ್ಕಳ ಕುರ್ಚಿ ಎಳೆದುಕೊಂಡು ಮೇಡಂ ಪಕ್ಕ ಕೂತ.

"ಆ ಕೊನೇ ಸಾಲು ಬಿಟ್ಟುಬಿಡಿ. ಕಾರ್ಡ್ ಮಾಡಿದವನು ನಾನು, ನಾನು ಹೇಳ್ತಿದ್ದೀನಿ."

"ಬಿಡು ಅನ್ನೋದು ನೀವು, ತೋರಿಸು ಅನ್ನೋದು ಅವರು. ಕೆಲಸ ಕೊಟ್ಟಿದ್ದು ಅವರು."

"ಈ ಹೊಸ ಕಾರ್ಡಲ್ಲಿ ಖಾಲಿ ಇದೆ, ಮಿಲ್ಲಲ್ಲಿ ಇರೋದ್ರಲ್ಲಿ ಕಸ ಇದೆ. ಪರೀಕ್ಷೆಗೆ ಅಂತ ಏನೇನೋ ಬರೆದದ್ದು."

ಮೇಡಂ ಕನ್ನಡಕ ತೆಗೆದು ಅವನನ್ನು ನೋಡಿದರು. "ನಾನು ಮೊದಲ ದಿನ ಬಂದಾಗ ಏನಂದ್ರಿ ನೆನಪಿದೆಯಾ? ಈ ಹೆಂಗಸಿಗೆ ಈ ಯಂತ್ರ ತಿಳಿಯೋ ಹೊತ್ತಿಗೆ ಯಂತ್ರಾನೇ ಇರಲ್ಲ ಅಂದ್ರಿ. ನಾನು ಪಕ್ಕದಲ್ಲೇ ಇದ್ದೆ."

"ಅಂದಿದ್ದು ತಪ್ಪು."

"ಇವತ್ತು ಬೇಕಾಯ್ತು, ಅದಕ್ಕೆ ತಪ್ಪು. ನಾನು ಇರೋದನ್ನ ತೋರಿಸೋಳು. ಕಸ ಇದ್ರೆ ಕಸ ತೋರಿಸ್ತೀನಿ." ಅವರು ಕನ್ನಡಕ ಹಾಕಿಕೊಂಡರು. "ನಾಳೆ ಬೆಳಿಗ್ಗೆ ಮಿಲ್ಲಲ್ಲಿ ಹಾಕೋದು."

ಆ ಒಂದು ಕಾರ್ಡನ್ನಾದರೂ ಮೊದಲೇ ತೆಗೆದುಬಿಡೋಣ ಎಂದು ಮಧ್ಯಾಹ್ನ ಅವನು ಒಬ್ಬನೇ ಬಸ್ಸು ಹತ್ತಿ ಮಿಲ್ಲಿಗೆ ಹೋದ. ಗೇಟಿನವನು ಭಾವನಿಗೆ ಫೋನ್ ಹಚ್ಚಿ, ಮಾತಾಡಿ, ಫೋನನ್ನು ಇಕ್ಕಳನ ಕೈಗೆ ಕೊಟ್ಟ. "ಅಲ್ಲೇನೋ ಕೆಲಸ ನಿನಗೆ? ಯಾರು ಕರೆದರು?" ಎಂದು ಭಾವನ ದನಿ ಕೇಳಿತು. ಇಕ್ಕಳ ಫೋನು ವಾಪಸು ಕೊಟ್ಟು ಬಸ್ಸಿಗಾಗಿ ಬಿಸಿಲಲ್ಲಿ ನಿಂತ.

ಅವನು ಹಿಂದಿರುಗಿದಾಗ ಭಾವ ಹೊರಗೆ ಹೋಗಿದ್ದ. ಅಕ್ಕ ಒಣಗಿದ ಹಾಸಿಗೆ ಬಟ್ಟೆಗಳನ್ನು ತಾರಸಿಯಿಂದ ತಂದು ರಾಶಿ ಹಾಕಿಕೊಂಡಿದ್ದಳು.

"ಬಾ, ಆ ತುದಿ ಹಿಡಿ" ಎಂದಳು.

ಇಬ್ಬರೂ ದುಪ್ಪಟಿಯ ಎರಡೆರಡು ಮೂಲೆ ಹಿಡಿದು ಎಳೆದು ಒದರಿದರು.

"ಅಕ್ಕ, ಒಂದು ಹೇಳಬೇಕು."

"ಅಂಚು ಸರಿಯಾಗಿ ಹಿಡಿ. ಹೇಳು."

"ಮಿಲ್ಲಿಗೆ ಕೊಟ್ಟಿರೋ ಕಾರ್ಡುಗಳ ಒಳಗೆ ಭಾವನ್ನ ಬೈದು ಬರೆದಿದ್ದೀನಿ. ಎಲ್ಲದರಲ್ಲೂ. ನಾಳೆ ಅದು ಪರದೆ ಮೇಲೆ ಬರುತ್ತೆ."

ಅಕ್ಕ ಮಡಿಕೆ ಹಾಕುತ್ತಾ ಅವನ ಹತ್ತಿರ ಬಂದಳು, ಅವನ ಕೈಯಲ್ಲಿದ್ದ ಮೂಲೆಗಳನ್ನು ತಗೊಂಡಳು. "ಏನಂತ ಬೈದಿದ್ದೀಯ?"

ಹೇಳಿದ. ಗೊರಕೆಯದು ಕೇಳಿ ಅವಳು ಮೂಗಿನಲ್ಲಿ ನಕ್ಕಳು. 'ಹಂದಿಗೆ ಕೋಟು ಹೊಲಿಸಿದರೆ ಭಾವ' ಎಂಬುದಕ್ಕೆ ಅವಳ ಭುಜ ಅಲುಗಾಡಿತು. "ಥೂ, ಹುಚ್ಚ. ಕತ್ತು ಹಿಡಿದು ಹೊರಗೆ ಹಾಕ್ತಾರೆ ನಿನ್ನ. ಇನ್ನೊಂದು ಹಿಡಿ."

"ಹಾಕಲಿ. ಅದಲ್ಲ." ಅವನು ಇನ್ನೊಂದು ದುಪ್ಪಟಿಯ ಮೂಲೆಗಳನ್ನು ಹುಡುಕಿದ. "ಒಂದರಲ್ಲಿ ನೀನು ಅಂದಿದ್ದೂ ಇದೆ."

"ನಾನೇನಂದೆ?"

ಅವನು ಆ ಮಾತನ್ನು ಹೇಳಿದ. ಮೊದಲು ಅವಳಿಗೆ ನೆನಪಾಗಲಿಲ್ಲ. ಆಮೇಲೆ ನೆನಪಾದದ್ದು ಅವಳ ಮುಖದಲ್ಲಿ ಕಾಣಿಸಿತು. ಬಟ್ಟೆ ಇಬ್ಬರ ನಡುವೆ ಜೋತುಬಿತ್ತು.

"ಅದು ಒಲೆ ಮುಂದೆ ನಿಂತು ಹೇಳಿದ್ದು ಕಣೋ."

"ಗೊತ್ತು."

"ನಿದ್ದೆ ಇರಲಿಲ್ಲ ನನಗೆ. ಬಾಯಿಗೆ ಬಂತು, ಅಂದೆ. ಅಂದು ಒಳಗೆ ಹೋಗಿ ಅವರ ಮೈ ಒರೆಸಿದೆ." ಅವಳ ದನಿ ಏರಲಿಲ್ಲ. "ನೀನು ಅದನ್ನ ತಗೊಂಡು ಹೋಗಿ ಮಿಲ್ಲಿಗೆ ಕಳಿಸಿದೆ. ನನ್ನ ಹೆಸರು ಬೇರೆ ಹಾಕಿ."

"ಹೆಸರಿಲ್ಲ. ಅಕ್ಕ ಅಂತಷ್ಟೇ. ಯಾರೂ ಓದಲ್ಲ ಅಂತ..."

"ಯಾರೂ ಓದಲ್ಲ ಅಂದ ಮೇಲೆ ಯಾಕೆ ಬರೆದೆ?"

ಅವನು ಕೈಯಲ್ಲಿದ್ದ ಮೂಲೆಯನ್ನು ಮಡಚಿ ಬಿಚ್ಚಿದ.

"ನಿನಗೆ ಅವರ ಮೇಲೆ ಸಿಟ್ಟಿದ್ರೆ ನಿನ್ನ ಬಾಯಲ್ಲಿ ಬೈಯಿ. ಎದುರಿಗೆ ನಿಂತು ಬೈಯೋಕೆ ನಾಲಿಗೆ ಏಳಲಿಲ್ಲ, ನನ್ನ ಬಾಯಿ ಬೇಕಾಯ್ತಾ?"

"ಅದನ್ನ ತೆಗೀತೀನಿ ಅಕ್ಕ. ಹೇಗಾದ್ರೂ ಮಾಡಿ ತೆಗೀತೀನಿ."

"ನೀನು ಏನೂ ಮಾಡಬೇಡ. ನೀನು ಮಾಡಿದ್ದೇ ಸಾಕು." ಅವಳು ಅವನ ಕೈಯಿಂದ ಬಟ್ಟೆ ಎಳೆದುಕೊಂಡಳು. ಒಂದು ಅಂಚನ್ನು ಗದ್ದದ ಕೆಳಗೆ ಒತ್ತಿಹಿಡಿದು ಒಬ್ಬಳೇ ಮಡಚತೊಡಗಿದಳು. ಅವನು ಕೆಳಗಿಳಿದ. ಆ ರಾತ್ರಿ ಊಟಕ್ಕೆ ಮೇಲೆ ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ.

ಬೆಳಿಗ್ಗೆ ಭಾವ ಒಳ್ಳೆಯ ಅಂಗಿ ಹಾಕಿಕೊಂಡು, ಸಿಳ್ಳೆ ಹಾಕುತ್ತಾ ಕಾರು ತೆಗೆದ. ಮೇಡಂ ಮುಂದೆ ಕೂತರು. ಇಕ್ಕಳ ಹಿಂದಿನ ಸೀಟಿನಲ್ಲಿ ಸಾಮಾನಿನ ಚೀಲದ ಜೊತೆ. ದಾರಿಯುದ್ದಕ್ಕೂ ಭಾವ ತನ್ನ ಕಾಲು ಮುರಿದ ಕತೆಯನ್ನೇ ಹೇಳಿದ. ಎರಡು ಸಲ ಕನ್ನಡಿಯಲ್ಲಿ ಹಿಂದೆ ನೋಡಿ "ಏನೋ, ಅಲ್ವೇನೋ?" ಎಂದ.

ಮಿಲ್ಲಿನಲ್ಲಿ ಮಗ್ಗಗಳು ಎರಡು ಸಾಲಾಗಿ ನಿಂತಿದ್ದವು. ಸದ್ದಿನಲ್ಲಿ ಎದುರಿಗಿದ್ದವರ ಮಾತು ಕೇಳಬೇಕಾದರೂ ತೀರಾ ಹತ್ತಿರ ನಿಲ್ಲಬೇಕಿತ್ತು, ಗಾಳಿಯ ತುಂಬ ನೂಲಿನ ಧೂಳು. ಕೆಲಸದ ಕ್ರಮ ಹೀಗಿತ್ತು: ಸೂಪರ್‌ವೈಸರು ಒಂದು ಮಗ್ಗ ನಿಲ್ಲಿಸುವುದು, ಇಕ್ಕಳ ಕಂಪ್ಯೂಟರಿನ ಮುಚ್ಚಳ ತೆಗೆಯುವುದು, ಮೇಡಂ ಫ್ಲಾಪಿ ಹಾಕಿ ಪ್ರೋಗ್ರಾಂ ಓಡಿಸುವುದು, ಪರದೆಯ ಮೇಲೆ ಬಂದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕಾರ್ಡಿಗೆ ಅಂಟಿಸುವುದು. ಮುಚ್ಚಳಗಳ ಮೇಲೆಲ್ಲ ಕೆಂಪು ಅಕ್ಷರದ ಪಟ್ಟಿಯಿತ್ತು: ಕರೆಂಟು ಇರುವಾಗ ಕಾರ್ಡು ಮುಟ್ಟಬೇಡಿ. ಅದನ್ನು ಬರೆದು ಅಂಟಿಸಿದವನು ಇಕ್ಕಳನೇ.

ಮೊದಲ ಮಗ್ಗದ ಪರದೆಯಲ್ಲಿ ಹಸಿರು ಅಕ್ಷರಗಳು ಮೂಡಿದವು. ಎರಡನೇ ಸ್ಲಾಟು, ಮಗ್ಗದ ಕಾರ್ಡು, ಸಂಖ್ಯೆ, ಭಾವನ ಹೆಸರು. ಅದರ ಕೆಳಗಿನ ಸಾಲನ್ನು ಮೇಡಂ ಓದಿ ಪಕ್ಕಕ್ಕೆ ಸರಿದರು. ಭಾವ ಬಗ್ಗಿದ, ಕಣ್ಣು ಕಿರಿದು ಮಾಡಿದ, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ.

"ನನ್ನ ತಲೆ ಮಾರಿ ತನ್ನ ಹೊಟ್ಟೆ ಬೆಳೆಸಿದವನು." ಅವನು ನೆಟ್ಟಗಾಗಿ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡ. "ಹೊಟ್ಟೆ ವಿಷಯ ಸರಿಯಾಗೇ ಬರೆದಿದ್ದಾನೆ. ಮುಂದಿನದು ನೋಡೋಣ."

ಇಕ್ಕಳ ಕಾದಿದ್ದ ಕೂಗು ಬರಲಿಲ್ಲ. ಹೊಡೆತವೂ ಬರಲಿಲ್ಲ. ಎರಡನೆಯದರಲ್ಲಿ ಗೊರಕೆ ಬಂತು. ಅದನ್ನೂ ಭಾವ ಪರದೆಗೆ ಬೆರಳಿಟ್ಟು ಓದಿದ. ಮೂರನೆಯದರಲ್ಲಿ ಹಂದಿ ಬಂತು. "ಕೋಟು ಅಂತೆ ಮೇಡಂ. ನಾನು ಮದುವೇಲಿ ಹಾಕಿದ್ದೆ, ಅದನ್ನ ಇಷ್ಟು ವರ್ಷ ಮನಸಲ್ಲಿಟ್ಟುಕೊಂಡಿದ್ದಾನೆ ನೋಡಿ." ಅವನು ಪ್ರತಿ ಸಲವೂ ಓದಿದ ಮೇಲೆ ಇಕ್ಕಳನ ಕಡೆ ತಿರುಗಿ, ಇದು ನಿನ್ನದೇ ತಾನೆ ಎಂಬಂತೆ ಹುಬ್ಬು ಏರಿಸುತ್ತಿದ್ದ. ಭಾವನ ಬಾಯಲ್ಲಿ ಕೇಳಿದಾಗ ಆ ಸಾಲುಗಳಲ್ಲಿ ಖಾರವೇ ಇರಲಿಲ್ಲ. ಜ್ವರ ಬಂದವನು ಬಡಬಡಿಸಿದ ಹಾಗಿದ್ದವು.

ಸೂಪರ್‌ವೈಸರ್ ನಗುತ್ತಿರಲಿಲ್ಲ ಎಂಬುದನ್ನು ಇಕ್ಕಳ ಆಗ ಗಮನಿಸಿದ. ಇಂಥದ್ದಕ್ಕೆ ಬಿದ್ದು ಬಿದ್ದು ನಗುವ ಮನುಷ್ಯ. ಅವನು ಪರದೆಯನ್ನು ನೋಡುತ್ತಿರಲಿಲ್ಲ, ಇಕ್ಕಳನನ್ನು ನೋಡುತ್ತಿದ್ದ. ಬೇರೆಯವರ ಅಂಗಳದಲ್ಲಿ ಕಟ್ಟಿದ ನಾಯಿಯ ಹಗ್ಗ ಎಷ್ಟುದ್ದ ಇದೆ ಎಂದು ನೋಡುವ ಹಾಗೆ. ಮುಂದಿನ ಮಗ್ಗಕ್ಕೆ ಹೋಗುವಾಗ ಅವನು ಇಕ್ಕಳನ ಕಿವಿಯ ಹತ್ತಿರ ಬಂದು, "ಊಟ ನಿದ್ದೆ ಎಲ್ಲ ಸರಿಯಾಗಿ ಆಗ್ತಿದೆಯಾ?" ಎಂದ. ದನಿ ಮೆತ್ತಗಿತ್ತು.

"ಯಾಕೆ?"

"ಇಲ್ಲ, ನಿಮ್ಮ ಭಾವ ಬೆಳಿಗ್ಗೆನೇ ಫೋನ್ ಮಾಡಿ ಹೇಳಿದ್ರು. ಹುಡುಗನಿಗೆ ತಲೆ ಸ್ವಲ್ಪ ಸರಿಯಿಲ್ಲ, ಏನೇನೋ ಬರೆದಿದ್ದಾನೆ, ನೀವು ಮನಸಿಗೆ ಹಚ್ಕೋಬೇಡಿ ಅಂತ. ಡಾಕ್ಟರಿಗೆ ತೋರಿಸಬಹುದಲ್ಲ."

ಅಕ್ಕ ಹೇಳಿಬಿಟ್ಟಿದ್ದಾಳೆ ಎಂದು ಇಕ್ಕಳನಿಗೆ ಅರ್ಥವಾಯಿತು. ಅವನ ಬೈಗುಳಗಳನ್ನೆಲ್ಲ ಒಪ್ಪಿಸಿದ್ದಾಳೆ. ಅದಕ್ಕೆ ಅವನಿಗೆ ಅಷ್ಟೇನೂ ಸಿಟ್ಟು ಬರಲಿಲ್ಲ. ತನ್ನ ಮಾತನ್ನು ಮಾತ್ರ ಅವಳು ಹೇಳಿರಲಾರಳು. ತನ್ನ ಕುತ್ತಿಗೆಯನ್ನು ತಾನೇ ಯಾರು ಕೊಡುತ್ತಾರೆ? ಅದನ್ನು ಮುಚ್ಚಿಟ್ಟುಕೊಂಡು, ಈಗ ಮನೆಯಲ್ಲಿ ಕೂತು ಫೋನು ನೋಡುತ್ತಿರುತ್ತಾಳೆ ಎಂದುಕೊಂಡ. ಭಾವ ಈಗ ಇರುವ ಹುರುಪಿನಲ್ಲಿ ಆ ಸಾಲು ಓದಿದರೆ ಇಲ್ಲಿ ಏನೂ ಅನ್ನುವುದಿಲ್ಲ. ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಅನ್ನುತ್ತಾನೆ. ಆಮೇಲೆ ಬದುಕಿರುವ ತನಕ ಅನ್ನುತ್ತಾನೆ. ಅವಳು ಹಾಸಿಗೆ ಹಾಸುವಾಗಲೆಲ್ಲ ಅನ್ನುತ್ತಾನೆ.

ಮೊದಲ ಸಾಲು ಮುಗಿಯಿತು. ಎರಡನೇ ಸಾಲಿನ ನಡುವಿನ ಮಗ್ಗವನ್ನು ಸೂಪರ್‌ವೈಸರ್ ನಿಲ್ಲಿಸಿದ. ಇಕ್ಕಳ ಮುಚ್ಚಳ ಎತ್ತಿದ. ಕಾರ್ಡಿನ ಬೆನ್ನಿನ ಮೇಲೆ, ಧೂಳಿನಡಿಯಲ್ಲಿ, ನೀಲಿ ತಂತಿ ಅಡ್ಡ ಹಾದುಹೋಗಿತ್ತು.

"ಇದನ್ನ ಆಫ್ ಮಾಡಿ" ಎಂದ. "ಕಾರ್ಡ್ ಸಡಿಲ ಇದೆ."

"ಬೆಳಕು ಹತ್ತಿದೆಯಲ್ಲ, ಸರಿಯಾಗೇ ಇದೆ" ಎಂದರು ಮೇಡಂ. ಫ್ಲಾಪಿ ಒಳಗೆ ಹೋಗಿ ಕಟಕಟ ತಿರುಗತೊಡಗಿತು.

ಸ್ವಿಚ್ಚು ಪೆಟ್ಟಿಗೆಯ ಹಿಂದೆ, ಭಾವ ನಿಂತಿದ್ದ ಕಡೆ ಇತ್ತು. ಇಕ್ಕಳ ಎರಡೂ ಕೈ ಒಳಗೆ ಹಾಕಿ ಕಾರ್ಡನ್ನು ಹಿಡಿದು ಕಿತ್ತ. ಚಟ್ ಎಂದು ನೀಲಿ ಕಿಡಿ ಹಾರಿತು. ಪರದೆ ಕಪ್ಪಾಯಿತು, ಫ್ಯಾನು ನಿಂತಿತು, ಸುಟ್ಟ ವಾಸನೆ ಮೇಲೆದ್ದಿತು. ಅವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮೂಲೆಯ ಚಿಪ್ಪನ್ನು ಮೀಟಿ ನೆಲಕ್ಕೆ ಬೀಳಿಸಿ ಬೂಟಿನ ಹಿಮ್ಮಡಿಯಿಂದ ತುಳಿದ. ಒಂದು ಸಲಕ್ಕೆ ಒಡೆಯಲಿಲ್ಲ. ಮತ್ತೆ ಮತ್ತೆ ತುಳಿದ. ಕೊನೆಗೆ ಅದು ಹಂಚಿನ ಹಾಗೆ ಚೂರಾಯಿತು.

ಸೂಪರ್‌ವೈಸರ್ ಕಿರುಚುತ್ತಿದ್ದ. "ಕರೆಂಟ್ ಇರುವಾಗ ಕಾರ್ಡ್ ಕೀಳ್ತಾರೇನ್ರಿ? ಕಸ ಗುಡಿಸೋನಿಗೂ ಗೊತ್ತು ಇಲ್ಲಿ. ನೀವೇ ಬರೆದು ಅಂಟಿಸಿದ್ದೀರಿ." ಅಕ್ಕಪಕ್ಕದ ಮಗ್ಗಗಳವರು ಕತ್ತು ಚಾಚಿ ನೋಡಿದರು. ಇಷ್ಟು ವರ್ಷ ಇಕ್ಕಳ ಬಂದರೆ ಕೈಕಟ್ಟಿ ಪಕ್ಕಕ್ಕೆ ಸರಿಯುತ್ತಿದ್ದವರು. ಒಬ್ಬ ತನ್ನ ತಲೆಯ ಪಕ್ಕ ಬೆರಳು ತಿರುಗಿಸಿ ಇನ್ನೊಬ್ಬನಿಗೆ ತೋರಿಸಿದ.

"ಕೈ ತಪ್ಪಿತು" ಎಂದ ಇಕ್ಕಳ.

ಸೂಪರ್‌ವೈಸರು ಮ್ಯಾನೇಜರನ್ನು ಕರೆಯಲು ಹೋದ ಮೇಲೆ ಭಾವ ಒಂದು ಸ್ಟೂಲು ಎಳೆದುಕೊಂಡು ಬಂದು ಇಕ್ಕಳನ ಪಕ್ಕದಲ್ಲಿ ಕೂತ. ಮುರಿದಿದ್ದ ಕಾಲನ್ನು ಚಾಚಿಕೊಂಡ. ಒಡೆದ ಚೂರುಗಳನ್ನು ಬೂಟಿನ ತುದಿಯಿಂದ ಒಂದು ಕಡೆ ಗುಡ್ಡೆ ಮಾಡಿದ.

"ನಿದ್ದೇದು ತಾನೆ?" ಎಂದ.

ಇಕ್ಕಳ ಸ್ಕ್ರೂಡ್ರೈವರ್ ಹಿಡಿದುಕೊಂಡೇ ನಿಂತಿದ್ದ.

"ನಿನ್ನೆ ಬಡಿಸುವಾಗ ಹೇಳಿದ್ಲು. ನಿಂದೆಲ್ಲ ಮೊದಲು ಹೇಳಿದ್ಲು, ಆಮೇಲೆ ತನ್ನದು. ಹೀಗಂದಿದ್ದೆ, ನಿಜ, ಅಂದಿದ್ದೆ, ಅಂದ್ಲು. ನಾನು ತಟ್ಟೆ ಎಸೆದೆ. ಅವಳು ಗುಡಿಸಿ ಹಾಕಿ ಇನ್ನೊಂದು ತಟ್ಟೆಗೆ ಬಡಿಸಿದ್ಲು. ನಾನು ಉಂಡೆ." ಭಾವ ತಲೆಯೆತ್ತಿ ನೋಡಿದ. ಮುಖದಲ್ಲಿ ಬೆಳಗಿನಿಂದ ಇದ್ದ ನಗು ಇರಲಿಲ್ಲ. "ಗಂಡ ಹೆಂಡತಿ ಮಧ್ಯೆ ಅಷ್ಟೇ ಕಣೋ. ಇಷ್ಟು ವರ್ಷ ನಮ್ಮನೇಲಿ ಉಂಡಿದ್ದೀಯ, ನಿನಗೆ ಅದು ತಲೆಗೆ ಹೋಗಲಿಲ್ಲ."

"ಗೊತ್ತಿದ್ದೂ ಯಾಕೆ ಒಂದೊಂದೇ ಓದಿಸ್ತಾ ಬಂದ್ರಿ?"

"ನಿನ್ನ ಮುಖ ನೋಡೋಕೆ. ನೀನೂ ವರ್ಷಗಟ್ಟಲೆ ನನ್ನ ಮುಖ ನೋಡಿ ಮನಸಲ್ಲೇ ನಕ್ಕಿಲ್ವಾ?" ಭಾವ ಎದ್ದ. "ಯಂತ್ರ ಸುಡ್ತೀಯ ಅಂತ ಅಂದ್ಕೊಂಡಿರಲಿಲ್ಲ. ಹುಚ್ಚ ಅಂತ ನಾನು ಸುಮ್ಮನೆ ಹೇಳಿದ್ದೆ ಇವರಿಗೆ. ನೀನು ನಿಜ ಮಾಡಿಕೊಟ್ಟೆ."

ಮ್ಯಾನೇಜರು ಬಂದರು. ಬೈಯಲಿಲ್ಲ, ಬೈಯುವುದಕ್ಕೆ ಅವರಿಗೆ ಪುರುಸೊತ್ತಿರಲಿಲ್ಲ. ಆ ಮಗ್ಗದ ಸರಕು ಸಂಜೆಯ ಲಾರಿಗೆ ಹೋಗಬೇಕಿತ್ತು. ರಿಪೇರಿಗೆ ಬೇರೆ ಯಾರಿದ್ದಾರೆ ಎಂದು ಭಾವನನ್ನು ಕೇಳಿದರು. ಭಾವ ಯೋಚಿಸುವವನಂತೆ ಗದ್ದ ಕೆರೆದುಕೊಂಡ.

"ಸದ್ಯಕ್ಕೆ ಇವನೇ" ಎಂದ. "ಇವತ್ತು ಇವನೇ ಮಾಡ್ತಾನೆ. ಮುಂದಿನ ತಿಂಗಳಿಂದ ಬೇರೆಯವರು ಬರ್ತಾರೆ. ಮೇಡಂ, ನಿಮಗೆ ಯಾರಾದ್ರೂ ಗೊತ್ತಾ?"

"ವಿಚಾರಿಸ್ತೀನಿ" ಎಂದರು ಮೇಡಂ. ಅವರು ಫ್ಲಾಪಿಯನ್ನು ಉಲ್ಟಾ ಮಾಡಿ ನೋಡಿ, ಕವರಿಗೆ ಹಾಕಿ, ಮುಂದಿನ ಮಗ್ಗಕ್ಕೆ ಹೋದರು. ಉಳಿದ ಯಂತ್ರಗಳ ಮುಚ್ಚಳಗಳನ್ನು ಅವರೇ ತೆಗೆದರು.

ಇಕ್ಕಳ ಚೀಲದಿಂದ ಬದಲಿ ಕಾರ್ಡೊಂದನ್ನು ತೆಗೆದಿಟ್ಟು, ಸುಟ್ಟ ಪೆಟ್ಟಿಗೆಯನ್ನು ಕಳಚಿದ. ಸ್ಲಾಟಿನ ಬಾಯಲ್ಲಿ ಒಂದಿಷ್ಟು ಕಪ್ಪಾಗಿತ್ತು. ಹೆಚ್ಚಿನ ಪೆಟ್ಟು ಬಿದ್ದದ್ದು ಕರೆಂಟು ಹಂಚುವ ಭಾಗಕ್ಕೆ. ಅದು ಪೆಟ್ಟಿಗೆಯ ತಳದಲ್ಲಿ, ಮಗ್ಗದ ಚೌಕಟ್ಟಿಗೆ ತಾಗಿಕೊಂಡಿತ್ತು. ಅವನು ನೆಲದ ಮೇಲೆ ಬೆನ್ನು ಹಾಕಿ ಮಲಗಿ ಕೆಳಗೆ ತೂರಿದ. ಅಲ್ಲಿ ಏನೂ ಕಾಣುತ್ತಿರಲಿಲ್ಲ. ನೂಲಿನ ಧೂಳು ಮುಖದ ಮೇಲೆ ಉದುರಿತು.

"ಯಾರಾದ್ರೂ ಟಾರ್ಚ್ ಹಿಡೀರಿ" ಎಂದ.

ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೆಳಕು ಬಿತ್ತು. ಅವನು ಕತ್ತು ತಿರುಗಿಸಿ ನೋಡಿದ. ಟಾರ್ಚಿನ ಹಿಂದೆ ಕಂಡದ್ದು ಭಾವನ ಒಳ್ಳೆಯ ಅಂಗಿಯ ತೋಳು. ಕಾಲು ಮಡಚಲಾಗದೆ ಒಂದು ಕೈಯನ್ನು ನೆಲಕ್ಕೆ ಊರಿ, ಇನ್ನೊಂದು ಕೈಯಲ್ಲಿ ಬೆಳಕು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ.

ಇಕ್ಕಳ ಸುಟ್ಟ ಭಾಗದ ಬೆಸುಗೆ ಬಿಡಿಸತೊಡಗಿದ. ಭಾವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಬೆಳಕು ಅಲುಗಾಡಿ ಮತ್ತೆ ನಿಂತಿತು.

"ಹ್ಞೂ... ಇಲ್ಲೇ ಇದ್ದೀವಿ... ಮುಗಿಯೋಕೆ ಹೊತ್ತಾಗುತ್ತೆ." ಸುತ್ತ ಮಗ್ಗಗಳ ಸದ್ದಿನಲ್ಲಿ ಅವನು ಗಟ್ಟಿಯಾಗಿ ಮಾತಾಡಬೇಕಿತ್ತು. "ಅಡುಗೆನಾ? ಇಬ್ಬರಿಗೆ ಮಾಡು."

ಆ ಕಡೆಯವಳು ಏನೋ ಕೇಳಿರಬೇಕು. ಭಾವ ಕೇಳಿಸಿಕೊಂಡ.

"ಹೌದು, ಇಬ್ಬರಿಗೇ. ನಿನಗೂ ನನಗೂ" ಎಂದ. ಫೋನು ಕಿವಿಯಲ್ಲೇ ಇತ್ತು. ಆ ಕಡೆಯಿಂದ ಮತ್ತೆ ಮಾತು ಬರುತ್ತದೇನೋ ಎಂದು ಕಾಯುತ್ತಿರುವಂತೆ ಅವನು ಹಾಗೇ ಇದ್ದ. ಕೆಳಗೆ ಇಕ್ಕಳನ ಕೈಯೂ ನಿಂತಿತ್ತು. ಆಮೇಲೆ ಭಾವ ಫೋನನ್ನು ಜೇಬಿಗೆ ಹಾಕಿದ.

"ಬೆಳಕು ಸ್ವಲ್ಪ ಎಡಕ್ಕೆ" ಎಂದ ಇಕ್ಕಳ.

ಬೆಳಕು ಎಡಕ್ಕೆ ಸರಿಯಿತು.